ಗೀಜಗನ ಕಟ್ಟೆಗೆ ಬೆಳ್ಳಕ್ಕಿ

ಸಿಂಧನೂರು
7 ಡಿಸೆಂಬರ್ 2025, ಭಾನುವಾರ

ಪ್ರೀತಿಯ ನಸ್ರೀನ್,

ಸಲಾಂ. ಪತ್ರ ಬರೆಯುವವರು ಮೊದಲಿಗೆ ಕ್ಷೇಮ ಎಂದು ಬರೆಯುತ್ತಾರೆ. ನಾನು ದಣಿದಿದ್ದೇನೆ ಎಂದು ಬರೆಯುತ್ತೇನೆ. ಕ್ಷೇಮವೂ ಅದರೊಳಗೇ ಇದೆ, ಹುಡುಕಿಕೋ.

ಈ ಕಾಲದಲ್ಲಿ ಕಾಗದವೇನು ಎಂದು ನೀನು ನಗುತ್ತೀ. ಇಂಟರ್‌ನೆಟ್ಟಿನ ನಮ್ಮ ಕಟ್ಟೆಯಲ್ಲಿ ಬರೆದರೆ ಎಲ್ಲರೂ ಓದುತ್ತಾರೆ. ನಿನಗೊಬ್ಬಳಿಗೇ ಫೋನಿನಲ್ಲಿ ಕಳಿಸಿದರೆ, ನೀನು ಓದಿದ ನೀಲಿ ಗುರುತು ಬಿತ್ತೋ ಇಲ್ಲವೋ ಎಂದು ನಾನು ಊಟ ಬಿಟ್ಟು ನೋಡುತ್ತ ಕೂಡುತ್ತೇನೆ. ಕಾಗದಕ್ಕೆ ಆ ಕಾಟವಿಲ್ಲ. ನಮ್ಮ ಕಟ್ಟೆಯ ಚನ್ನು ನಾಳೆ ಲಿಂಗಸೂಗೂರಿನ ಕಡೆ ತೊಗರಿಗೆ ಡ್ರೋನಿನಿಂದ ಔಷಧ ಹೊಡೆಯಲು ಬರುತ್ತಾನೆ. ಅವನ ಕೈಯಲ್ಲಿ ಕೊಡುತ್ತೇನೆ. ಲಕೋಟೆಗೆ ಗೋಂದು ಹಚ್ಚುತ್ತೇನೆ. ಅವನು ಒಳ್ಳೆಯ ಹುಡುಗ, ಆದರೆ ಓದುವ ಚಟ ಇದೆ.

ಇಲ್ಲಿ ಭತ್ತದ ಸುಗ್ಗಿ. ನನ್ನ ಆನ್‌ಲೈನ್ ಸೆಂಟರಿನ ಮುಂದೆ ಬೆಳಗಿನಿಂದ ಜನ. ಪಹಣಿ ತೆಗೆದುಕೊಡು, ಹೆಸರು ನೋಂದಾಯಿಸು, ಬೆರಳಚ್ಚು ಬರಲಿಲ್ಲ, ಸರ್ವರ್ ಡೌನ್. ಗದ್ದೆಯಲ್ಲಿ ಸವೆದ ಬೆರಳನ್ನು ಯಂತ್ರ ಗುರುತು ಹಿಡಿಯುವುದಿಲ್ಲ, ಅವರು ನನ್ನನ್ನು ಬೈಯುತ್ತಾರೆ. ಸಂಜೆ ಬಾಗಿಲು ಹಾಕಿ ಮನೆಗೆ ಬಂದರೆ ನಮ್ಮ ಸಿಮ್ಯುಲೇಟರ್ ಗೀಜಗ ಕಾದು ಕೂತಿರುತ್ತದೆ. ಯಾರದೋ ಕಂಪ್ಯೂಟರಿನಲ್ಲಿ ವಿಮಾನದ ರೆಕ್ಕೆ ಕಾಣುತ್ತಿಲ್ಲ, ಯಾರದೋ ಪರದೆ ಕಪ್ಪಾಗಿದೆ, ಯಾರಿಗೋ ಮಸ್ಕಿಯ ಬೆಟ್ಟ ಗಾಳಿಯಲ್ಲಿ ತೇಲುತ್ತಿದೆ. ಮೊದಲು ಇಂಥದ್ದನ್ನೆಲ್ಲ ನೀನೂ ನಾನೂ ಹಂಚಿಕೊಂಡು ಸರಿ ಮಾಡುತ್ತಿದ್ದೆವು. ಈಗ ಬೆಟ್ಟವನ್ನು ಒಬ್ಬಳೇ ನೆಲಕ್ಕೆ ಇಳಿಸಬೇಕು.

ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮುಂಚೆ ನಿನಗೆ ಗೊತ್ತಿರುವುದನ್ನೇ ಸ್ವಲ್ಪ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಮ್ಮೂರು ಮುಕ್ಕುಂದದಲ್ಲಿ ಕಥೆ ಹೇಳುವ ಮುದುಕಿಯರ ತೊಡೆಯ ಮೇಲೆ ಬೆಳೆದವಳು ನಾನು. ಬುಡದಿಂದ ಹೇಳದಿದ್ದರೆ ತುದಿ ಸಿಗುವುದಿಲ್ಲ ನನಗೆ.

ಪಾಲಿಟೆಕ್ನಿಕ್ಕಿನಲ್ಲಿ ಓದುವಾಗ ನಾವಿಬ್ಬರೂ ವಿಮಾನವನ್ನು ಆಕಾಶದಲ್ಲಿ ಬಿಟ್ಟು ಬೇರೆಲ್ಲೂ ನೋಡಿದವರಲ್ಲ. ಯಾರೋ ಪುಣ್ಯಾತ್ಮರು ಎಲ್ಲರಿಗೂ ಬಿಟ್ಟುಕೊಟ್ಟಿದ್ದ ಸಿಮ್ಯುಲೇಟರ್ ಒಂದನ್ನು ನೀನು ಹುಡುಕಿ ತಂದೆ. ಕಂಪ್ಯೂಟರಿನ ಮುಂದೆ ಕೂತು ವಿಮಾನ ಹಾರಿಸುವುದು. ಲಂಡನ್ ಇತ್ತು, ದುಬೈ ಇತ್ತು. ನಮ್ಮ ಸೀಮೆಗೆ ಬಂದರೆ ಬರೀ ಕಂದು ನೆಲ, ಬೆಳೆ ಒಕ್ಕಲು ಸಾರಿಸಿಟ್ಟ ಕಣದ ಹಾಗೆ. ‘ಇಲ್ಲಿ ಮನಷ್ಯಾರ ಇಲ್ಲೇನ?’ ಎಂದು ನೀನು ಕೇಳಿದೆ. ಆ ಸಿಟ್ಟಿನಲ್ಲೇ ಕಾಲುವೆ ತೋಡಿದೆವು, ಗದ್ದೆ ಹಾಸಿದೆವು, ಊರು ಕಟ್ಟಿದೆವು. ನಾರು ನಾರು ಹೆಣೆದದ್ದಕ್ಕೆ ಗೀಜಗ ಎಂದು ಹೆಸರಿಟ್ಟೆವು. ಜನ ಕೂಡಿದರು. ಕೂತು ಮಾತಾಡಲು ಇಂಟರ್‌ನೆಟ್ಟಿನಲ್ಲಿ ಒಂದು ಜಾಗ ಮಾಡಿ ಅದಕ್ಕೆ ಕಟ್ಟೆ ಎಂದೆವು.

ಕಟ್ಟೆಯ ನಿಯಮ ಹೇಗೆ ಹುಟ್ಟಿತು, ನೆನಪಿದೆಯಲ್ಲ? ಮಸ್ಕಿಯ ಜಂಬಣ್ಣ ತಮ್ಮ ಊರನ್ನು ತಾವೇ ಮಾಡಿದರು. ಹಾರಿಸಿ ನೋಡಿದರೆ ಅವರ ಗೊಬ್ಬರದ ಅಂಗಡಿ ಮೂರು ಅಂತಸ್ತಾಗಿ ಬೆಟ್ಟಕ್ಕೆ ಸಮನಾಗಿ ನಿಂತಿತ್ತು. ಎದುರಿನ ಗೊಬ್ಬರದ ಅಂಗಡಿ ಇದ್ದಕ್ಕಿದ್ದ ಹಾಗೆ ಹಳ್ಳದ ಆಚೆಗೆ ಹೋಗಿತ್ತು. ನೀನು ನಕ್ಕು ನಕ್ಕು ಕಣ್ಣು ಒರೆಸಿಕೊಂಡು, ‘ಇನ್ನ ಮ್ಯಾಲೆ ಯಾರೂ ತಮ್ಮೂರು ತಾವು ಮಾಡಬ್ಯಾಡ್ರಿ. ಹೊಲಕ್ಕ ಮುಯ್ಯಾಳು ಹೋದಂಗ ಹೋಗೋಣ. ನಿಮ್ಮೂರು ನಾ ಮಾಡ್ತೀನಿ, ನನ್ನೂರು ನೀವು ಮಾಡ್ರಿ’ ಎಂದೆ. ಇವತ್ತು ನಿನ್ನ ಹೊಲದಲ್ಲಿ ನಾನು ಕಳೆ ಕಿತ್ತರೆ ನಾಳೆ ನನ್ನ ಹೊಲಕ್ಕೆ ನೀನು. ಕೂಲಿಯಿಲ್ಲ, ಲೆಕ್ಕವಿಲ್ಲ, ಬರುತ್ತಾರೆಂಬ ನಂಬಿಕೆ ಒಂದೇ. ಆವತ್ತಿನಿಂದ ನಮ್ಮಲ್ಲಿ ಊರು ಕಟ್ಟುವುದು ಹಾಗೆಯೇ. ನಿನ್ನ ಮುದಗಲ್ ನನಗೆ ಬಂತು. ನನ್ನ ತವರು ಮುಕ್ಕುಂದ ನಿನಗೆ ಹೋಯಿತು.

ಆಮೇಲೆ ನೀನು ಫೋನಿನ ಮಾತು ತೆಗೆದೆ. ಇಷ್ಟು ಭಾರದ ಗೀಜಗ ಯಾರ ಮನೆಯಲ್ಲಿ ಹಾರುತ್ತದೆ, ಓಣಿಯಲ್ಲಿ ಯಾರಿಗೆ ಕಂಪ್ಯೂಟರ್ ಇದೆ, ಬುಡದಿಂದ ಹಗುರಾಗಿ ಬರೆಯೋಣ ಎಂದೆ. ಅಂಗೈಯಗಲದ ಪರದೆಯಲ್ಲಿ ಗಾಳಿಯ ಲೆಕ್ಕ ಸರಿಯಾಗಿ ಬರುವುದಿಲ್ಲ, ಅದು ಆಟಿಕೆಯಾಗುತ್ತದೆ ಎಂದು ನಾನು ಹಟ ಹಿಡಿದೆ. ಇಬ್ಬರೂ ಸೋಲಲಿಲ್ಲ. ನೀನು ಒಲೆ ಬೇರೆ ಮಾಡಿ ಫೋನಿಗೆ ಬೆಳ್ಳಕ್ಕಿ ಕಟ್ಟಿದೆ. ಯಾರದು ಸರಿ ಎಂದು ತೂಗುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ನಿನ್ನ ಬೆಳ್ಳಕ್ಕಿಯನ್ನು ನಾನು ನೋಡಿಲ್ಲ. ನೋಡಲು ಪುರುಸೊತ್ತೂ ಇಲ್ಲ.

ಈಗಿನ ತಕರಾರು ಎಬ್ಬಿಸಿದವನು ಚನ್ನು. ಬೆಳ್ಳಕ್ಕಿ ಹಾರಿಸುವವರು ಅಡಚಣೆ ಬಂದರೆ ನಮ್ಮ ಕಟ್ಟೆಗೇ ಬಂದು ಕೇಳುತ್ತಾರೆ, ಅವರಿಗೆ ಬೇರೆ ಜಾಗವಿಲ್ಲ. ಜಂಬಣ್ಣ ಆ ಪ್ರಶ್ನೆಗಳನ್ನು ಕಂಡ ಕಂಡಲ್ಲಿ ಅಳಿಸುತ್ತಾರೆ. ಚನ್ನು ಬಹಿರಂಗವಾಗಿ ಬರೆದುಬಿಟ್ಟ: ಬೆಳ್ಳಕ್ಕಿಗೂ, ಇನ್ನು ಯಾವ ಸಿಮ್ಯುಲೇಟರ್ ಬಂದರೆ ಅದಕ್ಕೂ, ಕಟ್ಟೆಯಲ್ಲಿ ಜಾಗ ಕೊಡಿ. ಅಲ್ಲಿಂದ ಜಗಳ ಹತ್ತಿಕೊಂಡಿತು. ಬೈದಾಟ ಬರೆದುಬಿಟ್ಟರೆ ಅಳಿಸಿದರೂ ಉಳಿಯುತ್ತದೆ, ಎದುರುಬದುರು ಕೂತು ಬೈದಾಡಿಕೊಳ್ಳಿ ಎಂದು ಹೋದ ಭಾನುವಾರ ಎಲ್ಲರನ್ನೂ ನಮ್ಮ ಮಾಳಿಗೆಗೆ ಕರೆದೆ. ನಮ್ಮತ್ತೆ ಶೇಖರಮ್ಮ ಒಣಹಾಕಿದ್ದ ಮೆಣಸಿನಕಾಯಿ ಒಂದು ಬದಿಗೆ ಸರಿಸಿ ಚಾಪೆ ಹಾಸಿದರು. ಮಂಡಾಳು ಒಗ್ಗರಣೆ, ಮಿರ್ಚಿ ಮಾಡಿಕೊಟ್ಟರು. ಬಾಯಿ ತುಂಬ ಇದ್ದರೆ ಜಗಳ ಕಡಿಮೆಯಾಗುತ್ತದೆ ಎಂದು ಅವರ ಎಣಿಕೆ.

ಕಡಿಮೆಯಾಗಲಿಲ್ಲ. ಜಂಬಣ್ಣ ಕೂಡುವ ಮೊದಲೇ ಶುರು ಮಾಡಿದರು. ‘ನಮ್ಮ ಕಟ್ಟಿ ಮ್ಯಾಲ ಅವರ ಹಾಸಗಿ ಯಾಕ ಹಾಸಬೇಕಲೇ? ಬ್ಯಾರೆ ಹೋಗ್ಯಾಳ, ಬ್ಯಾರೆ ಕಟ್ಟಿ ಕಟ್ಟಿಕೊಳ್ಳಲಿ.’

ಚನ್ನು ಮಿರ್ಚಿ ಮುರಿಯುತ್ತ, ‘ಅಣ್ಣಾರ, ಮಸ್ಕಿ ರೋಡಿಂದು ಹೇಳಲೇನ್ರಿ?’ ಎಂದ. ಎಲ್ಲರೂ ನಗಲು ಶುರು.

ಇದು ನಿನಗೆ ಗೊತ್ತಿರಲಿಕ್ಕಿಲ್ಲ. ನೀನು ಹೋದ ಮೇಲೆ ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯನ್ನು ಹೊಸದಾಗಿ ಮಾಡಿದವರು ಜಂಬಣ್ಣ. ಆಕಾಶದಿಂದ ತೆಗೆದ ಫೋಟೋದಲ್ಲಿ ರಸ್ತೆ ಅಲ್ಲಲ್ಲಿ ಕಪ್ಪು, ಅಲ್ಲಲ್ಲಿ ಹಳದಿ. ಹಳದಿ ಇದ್ದಲ್ಲೆಲ್ಲ ಡಾಂಬರು ಕಿತ್ತುಹೋಗಿ ಮಣ್ಣಾಗಿದೆ ಎಂದುಕೊಂಡು ಮಣ್ಣನ್ನೇ ಹಾಕಿಬಿಟ್ಟರು. ಇಂಜಿನ್ ಕೆಟ್ಟು ರಸ್ತೆಯ ಮೇಲೆ ವಿಮಾನ ಇಳಿಸಿದವರೆಲ್ಲ ಮೊಳಕಾಲುದ್ದ ಹೂತುಹೋಗುತ್ತಿದ್ದರು. ಗಾಲಿಯ ಲೆಕ್ಕ ತಪ್ಪಿರಬೇಕು ಎಂದು ನಾನು ಕೋಡಿನಲ್ಲಿ ತಿಂಗಳುಗಟ್ಟಲೆ ಹುಡುಕಿದೆ.

‘ಅದು ಮಣ್ಣಲ್ರಿ ಅಣ್ಣಾರ, ನೆಲ್ಲು! ಸುಗ್ಗ್ಯಾಗ ತಗದ ಫೋಟೋ. ರೋಡಿನ ಮ್ಯಾಲ ನೆಲ್ಲು ಒಣಹಾಕ್ಯಾರ’ ಎಂದ ಚನ್ನು. ‘ಅದರಾಗ ಅರ್ಧ ನೆಲ್ಲು ನಿಮ್ದ ಐತಿ. ನಿಮ್ಮ ನೆಲ್ಲು ನಿಮಗ ಗುರ್ತು ಸಿಗಲಿಲ್ಲೇನ್ರಿ?’

‘ಮ್ಯಾಲಿಂದ ನೋಡಿದ್ರ ನಿನ್ನ ಮಾರಿನೂ ಗುರ್ತು ಸಿಗಂಗಿಲ್ಲ, ಸುಮ್ಮ ತಿನ್ನು’ ಎಂದರು ಜಂಬಣ್ಣ.

‘ನಸ್ರೀನಕ್ಕಗ ಅದ ಫೋಟೋದಾಗ ಗುರ್ತು ಸಿಕ್ಕೈತಿ. ಬೆಳ್ಳಕ್ಕ್ಯಾಗ ರೋಡು ಸಪಾಟ್ ಐತಿ. ಒಂದ ಕಟ್ಟಿ ಮ್ಯಾಲ ಇದ್ದಿದ್ರ ಆಕಿ ಒಂದ ಮಾತಿನ್ಯಾಗ ಹೇಳ್ತಿದ್ಲು. ಈ ಶೈಲಕ್ಕ ಅಷ್ಟು ದಿನ ಗಾಲಿ ಬಿಚ್ಚಿ ಕುಂದ್ರೂದು ತಪ್ಪತಿತ್ತು.’

ಅವನು ಹೇಳಿದ್ದು ನಿಜ. ಆದರೆ ಆಮೇಲೆ ಜಂಬಣ್ಣ ಒಂದು ಮಾತು ಕೇಳಿದರು.

‘ಮುಯ್ಯಾಳು, ಮುಯ್ಯಾಳು ಅಂತೀಯಲ್ಲ ನೀ. ಮುಯ್ಯಾಳು ಅಂದ್ರ ಏನು? ಇವತ್ತು ನಾ ಹೋದ್ರ ನಾಳೆ ಅವರು ನಮ್ಮ ಹೊಲಕ್ಕ ಬರಬೇಕು. ಬೆಳ್ಳಕ್ಕಿ ಮಂದಿಗೆ ನಾವು ಕಟ್ಟಿ ಬಿಟ್ಟುಕೊಡ್ತೀವಿ, ಪ್ರಶ್ನೆಗೆ ಉತ್ತರ ಹೇಳ್ತೀವಿ, ಊರು ಮಾಡಿಕೊಡ್ತೀವಿ. ನಮ್ಮ ಹೊಲಕ್ಕ ಆಕಿ ಬರ್ತಾಳೇನು? ಶೈಲವ್ವನ ಮುಕ್ಕುಂದ ಅರ್ಧಕ್ಕ ಬಿಟ್ಟು ಹೋಗ್ಯಾಳಲ್ಲ, ಅದನ್ನ ಮುಗಸಾಕರ ಬಂದಾಳೇನು?’

ಅದೂ ನಿಜ ನಸ್ರೀನ್. ಗೀಜಗದಲ್ಲಿ ಮುಕ್ಕುಂದದ ರಸ್ತೆಯ ಎಡಕ್ಕೆ ಊರಿದೆ, ಬಲಕ್ಕೆ ಏನೂ ಇಲ್ಲ. ನಮ್ಮ ತವರುಮನೆ ಬಲಕ್ಕಿದೆ. ನಿಯಮದ ಪ್ರಕಾರ ಅದನ್ನು ನಾನು ಮುಟ್ಟುವಂತಿಲ್ಲ. ನಿನ್ನ ಕೈ ಇಟ್ಟ ಊರು ಎಂದು ಉಳಿದವರೂ ಮುಟ್ಟಲಿಲ್ಲ. ಅದರ ಮೇಲೆ ಹಾರುವಾಗಲೆಲ್ಲ ನಾನು ಎಡಕ್ಕೇ ನೋಡುತ್ತೇನೆ.

ಆಮೇಲೆ ಜಂಬಣ್ಣ ದನಿ ತಗ್ಗಿಸಿ, ‘ಎಲ್ಲಾರ ಕಿಸೆದಾಗೂ ಫೋನ್ ಐತಿ. ಬಾಗಲಾ ತಗದ್ರ ಎಲ್ಲಾರೂ ಅತ್ತಾಗ ಹೋಗ್ತಾರ. ನನ್ನ ಇಂಜಿನ್ ಯಾರ ಮುಂದ ಗುರ್ ಅನ್ನಬೇಕು?’ ಎಂದರು. ಅವರು ಆ ಸದ್ದುಗಳಿಗಾಗಿ ಊರೂರು ಅಲೆದದ್ದು ನಿನಗೆ ಗೊತ್ತು. ಭತ್ತ ಕೊಯ್ಯುವ ಯಂತ್ರದ ಮುಂದೆ, ಕಾಲುವೆಯ ಪಂಪುಸೆಟ್ಟಿನ ಮುಂದೆ ಫೋನ್ ಹಿಡಿದು ನಿಂತು, ಅದನ್ನೇ ಹದ ಮಾಡಿ ವಿಮಾನದ ಇಂಜಿನ್ ಮಾಡಿದ ಮನುಷ್ಯ. ಅವರ ಭಯ ನನ್ನದೇ ಭಯ. ಗೀಜಗ ಖಾಲಿಯಾದರೆ ನನ್ನ ಕೈಯಲ್ಲಿ ಏನು ಉಳಿಯುತ್ತದೆ? ಪಹಣಿ ತೆಗೆದುಕೊಡುವ ಬೆರಳು.

ಅತ್ತೆ ಚಹಾ ತಂದವರು ನಿಂತು ಎಲ್ಲ ಕೇಳಿಸಿಕೊಂಡಿದ್ದರು. ‘ಅಲ್ಲ, ಇಲ್ಲದ ವಿಮಾನಕ್ಕ ಇಷ್ಟು ಜಗಳ ಮಾಡ್ತೀರಲ್ಲ, ಖರೇವು ಇದ್ದಿದ್ರ ಏನ್ ಕೊಲಿ ಮಾಡ್ತಿದ್ರೇನು?’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ಆ ಮುದಗಲ್ ಹುಡುಗಿ ಯಾಕ ಬರಂಗಿಲ್ಲವ್ವಾ ಈಗ? ಆಕಿ ಬಂದ್ರ ಮೊದಲು ಮೆಣಸಿನಕಾಯಿ ಹೊಳ್ಳಿ ಹಾಕಿ ಆಮ್ಯಾಲ ಕುಂದರತಿದ್ಲು’ ಎಂದರು. ಅತ್ತೆ ಖಾಲಿ ತಾಟು ತೆಗೆದುಕೊಂಡು ಇಳಿದುಹೋದರು.

ಕೈ ಎತ್ತಿಸಿದೆವು. ಅರ್ಧ ಅತ್ತ, ಅರ್ಧ ಇತ್ತ. ಕೊನೆಗೆ ಎಲ್ಲರೂ ನನ್ನ ಮುಖ ನೋಡಿದರು. ಕಟ್ಟೆಯ ಕೀಲಿ ನನ್ನ ಹತ್ತಿರ ಇದೆ, ನೀನು ಹೋಗುವಾಗ ನಿನ್ನದನ್ನೂ ಕೊಟ್ಟು ಹೋದೆಯಲ್ಲ. ಒಂದು ವಾರ ಕೊಡಿ, ಮುಂದಿನ ಭಾನುವಾರ ಹೇಳುತ್ತೇನೆ ಎಂದೆ. ಚನ್ನು ಮೆಟ್ಟಿಲಿಳಿಯುತ್ತ, ‘ಅಕ್ಕಾ, ಬ್ಯಾಡ ಅಂದ್ರ ನಾನೂ ಹೋಗ್ತೀನಿ. ಸಿಟ್ಟಿಲೆ ಅಲ್ಲ, ಸಾಕಾಗೇತಿ’ ಎಂದ. ಅವನ ವಯಸ್ಸಿಗೇ ಸಾಕಾಗಿದೆ ಎನ್ನುತ್ತಾನೆ. ನನ್ನ ಪಾಡು ಏನಿರಬೇಕು ನೋಡು.

ಆ ವಾರದ ನಡುವೆ ಲಿಂಗಸೂಗೂರಿಗೆ ಬಂದಿದ್ದೆ. ಮನೆಯವರ ಕಡೆಯ ಒಬ್ಬ ಹುಡುಗಿಯ ಕುಬಸವಿತ್ತು. ಉಂಡು, ಬಸುರಿಗೆ ಉಡಿ ತುಂಬಿ, ಬಸ್‌ಸ್ಟ್ಯಾಂಡಿಗೆ ನಡೆದೆ. ನಿನ್ನ ಕಾಲೇಜಿನ ಮುಂದೆಯೇ ಹಾದುಹೋದೆ. ಒಳಗೆ ಬರಲಿಲ್ಲ. ನೀನು ಪಾಠ ಮಾಡುತ್ತಿರುತ್ತೀ, ಎಲ್ಲರ ಮುಂದೆ ಏನು ಮಾತಾಡುವುದು ಎನ್ನಿಸಿತು. ಬಸ್ಸು ನಿಂತಿತ್ತು, ಹತ್ತಿಬಿಟ್ಟೆ. ಬೇಸರ ಮಾಡಿಕೊಳ್ಳಬೇಡ.

ಇವತ್ತು ಬೆಳಿಗ್ಗೆ ನನ್ನ ತೀರ್ಮಾನ ಹೇಳಿದೆ. ಅದನ್ನು ನಿನಗೂ ತಿಳಿಸಬೇಕೆಂದೇ ಈ ಪತ್ರ.

ಕಟ್ಟೆ ತೆರೆದಿದ್ದೇನೆ. ಬೆಳ್ಳಕ್ಕಿಯವರಿಗೂ, ಇನ್ನು ಯಾರಾದರೂ ಹೊಸದು ಕಟ್ಟಿಕೊಂಡು ಬಂದರೆ ಅವರಿಗೂ. ಯಾರ ಪ್ರಶ್ನೆಯನ್ನೂ ಯಾರೂ ಅಳಿಸುವಂತಿಲ್ಲ. ಇದರಲ್ಲಿ ದೊಡ್ಡ ಮನಸ್ಸು ಇತ್ಯಾದಿ ಏನೂ ಇಲ್ಲ. ಬಾಗಿಲಲ್ಲಿ ಕೂತು ಬಂದವರನ್ನು ನೀನು ಯಾರವ, ಯಾವುದನ್ನು ಹಾರಿಸುತ್ತೀ ಎಂದು ಕೇಳುವ ಶಕ್ತಿ ನನ್ನಲ್ಲಿ ಉಳಿದಿಲ್ಲ. ಸೆಂಟರಿನಲ್ಲಿ ದಿನವಿಡೀ ಅದೇ ಕೆಲಸ. ಆಧಾರ್ ಕೊಡಿ, ಜಾತಿ ಹೇಳಿ, ಹೆಬ್ಬೆಟ್ಟು ಒತ್ತಿ. ಸಂಜೆಯೂ ಅದನ್ನೇ ಮಾಡಲಾರೆ. ಜನ ಅತ್ತ ಹೋದರೆ ಹೋಗಲಿ. ಒಂದೇ ನಿಯಮ ಉಳಿಸಿದ್ದೇನೆ: ಕಟ್ಟೆಗೆ ಬಂದು ಕೂತವರು ಯಾವ ಸಿಮ್ಯುಲೇಟರಿನವರಾದರೂ ಸರಿ, ಬೇರೆಯವರ ಊರೊಂದನ್ನು ಮಾಡಿಕೊಡಬೇಕು.

ಜಂಬಣ್ಣ ಕೇಳಿದರು, ‘ಆಕಿ ಬರ್ತಾಳಂತ ನಿನಗ ಯಾರು ಹೇಳ್ಯಾರ?’ ಬರುತ್ತಾಳೆ ಎಂದಷ್ಟೇ ಹೇಳಿದೆ. ಅವರು ಎದ್ದರು. ಚಹಾ ಕುಡಿಯದೆ ಹೋದರು. ಮೊದಲ ಸಲ.

ಅವರಿಗಾಗಿ ನಿನ್ನಲ್ಲಿ ಒಂದು ಕೇಳಿಕೊಳ್ಳುತ್ತೇನೆ. ಬೆಳ್ಳಕ್ಕಿಯ ಇಂಜಿನ್ ಸದ್ದು ಹಿಟ್ಟಿನ ಗಿರಣಿಯ ಹಾಗಿದೆಯಂತೆ, ಮೇಲೇರುವಾಗ ಜೋಳಕ್ಕೆ ಕಲ್ಲು ಸಿಕ್ಕಿದ ಹಾಗೆ ಕರಕರ ಎನ್ನುತ್ತದಂತೆ. ಚನ್ನು ಹೇಳಿದ. ನೀನೇ ಒಂದು ಫೋನ್ ಮಾಡಿ ಜಂಬಣ್ಣನವರಿಗೆ ‘ನಿಮ್ಮ ಸದ್ದು ನಮಗೂ ಬೇಕ್ರಿ’ ಎಂದು ಕೇಳು. ಮೊದಲು ಬೈಯುತ್ತಾರೆ. ಬೈಯಿಸಿಕೋ. ಮರುದಿನವೇ ಎಲ್ಲಾದರೂ ಟ್ರ್ಯಾಕ್ಟರಿನ ಮುಂದೆ ಫೋನ್ ಹಿಡಿದು ನಿಂತಿರುತ್ತಾರೆ.

ನೀನು ಕಟ್ಟೆಗೆ ಬರುತ್ತೀಯೋ ಇಲ್ಲವೋ ನಾನು ಕೇಳುವುದಿಲ್ಲ. ಕೀಲಿ ಮಾತ್ರ ನಿನ್ನ ಹೆಸರಿಗೆ ಮತ್ತೆ ಹಚ್ಚಿದ್ದೇನೆ, ಹಳೆಯ ಪಾಸ್‌ವರ್ಡೇ ನಡೆಯುತ್ತದೆ. ಗಾಳಿಯ ಲೆಕ್ಕದ ವಿಷಯದಲ್ಲಿ ನನ್ನ ಮಾತು ಈಗಲೂ ಅದೇ. ನಿನ್ನದೂ ಅದೇ ಇರಲಿ, ಜಗಳಕ್ಕೆ ಒಂದಾದರೂ ಉಳಿಯಬೇಕಲ್ಲ. ಅತ್ತೆಯ ಮೆಣಸಿನಕಾಯಿ ಇನ್ನೂ ಮಾಳಿಗೆಯ ಮೇಲಿವೆ.

ಕಣ್ಣು ಎಳೆಯುತ್ತಿವೆ. ನಿಲ್ಲಿಸುತ್ತೇನೆ.

ನಿನ್ನ
ಶೈಲಜಾ

ತಾ.ಕ.: ಗೋಂದು ಹಚ್ಚಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ಚನ್ನು ನನಗೆ ಇಂಜಿನ್ನಿನ ಬಗ್ಗೆ ಏನೂ ಹೇಳಿಲ್ಲ. ಮಾಳಿಗೆಯ ಮೇಲೆ ಕೂಡಿದ ಮರುದಿನ, ಸೆಂಟರಿನಲ್ಲಿ ಸರ್ವರ್ ಹೋಗಿದ್ದಾಗ, ನನ್ನ ಫೋನಿನಲ್ಲಿ ಬೆಳ್ಳಕ್ಕಿ ಹಾಕಿಕೊಂಡು ಹಾರಿಸಿದೆ. ಮೊದಲು ಮುಕ್ಕುಂದಕ್ಕೆ ಹೋದೆ. ರಸ್ತೆಯ ಎಡಕ್ಕೂ ಊರು, ಬಲಕ್ಕೂ ಊರು. ನಮ್ಮ ಮನೆ, ಎಮ್ಮೆಯ ಕೊಟ್ಟಿಗೆ, ಹಿಂದಿನ ಬೇವಿನ ಮರ. ನಂಬಿಕೆಯಾಗದೆ ಗದ್ದೆಯಲ್ಲೇ ವಿಮಾನ ಇಳಿಸಿ ಮರದ ಹತ್ತಿರ ಹೋದೆ. ಪಂಚಮಿಗೆ ನೀನು ಬಂದಾಗ ಇಬ್ಬರೂ ಜೋಕಾಲಿ ಜೀಕಿದ ಟೊಂಗೆಗೆ ಹಗ್ಗ ಉಜ್ಜಿದ ಗುರುತನ್ನೂ ಮಾಡಿಟ್ಟಿದ್ದೀಯ. ಆಕಾಶದಲ್ಲಿ ಹಾರುವವರಿಗೆ ಅದು ಕಾಣುವುದಿಲ್ಲ. ಇಳಿದವಳಿಗೆ ಮಾತ್ರ ಕಾಣುತ್ತದೆ.

ಆಮೇಲೆ ಮುದಗಲ್ಲಿಗೆ ಹಾರಿದೆ. ಲಿಂಗಸೂಗೂರು ದಾಟಿದ ಮೇಲೆ ಕೋಟೆಯಿಲ್ಲ, ಬಂಡೆಯಿಲ್ಲ, ಓಣಿಯಿಲ್ಲ. ಬರೀ ಕಂದು ನೆಲ, ನಾವು ಮೊದಲ ದಿನ ನೋಡಿದ ಹಾಗೆ. ಏನೋ ಕೆಟ್ಟಿದೆ ಎಂದು ಎರಡು ಸುತ್ತು ಹಾಕಿದೆ. ಆಮೇಲೆ ತಿಳಿಯಿತು. ಬೇರೆ ಹೋದ ಮೇಲೂ ನಿನ್ನ ಊರನ್ನು ನೀನು ಮುಟ್ಟಿಲ್ಲ. ಆವತ್ತು ಸೆಂಟರಿಗೆ ಬಂದ ಒಬ್ಬ ಅಜ್ಜ, ‘ಯಾಕವ್ವಾ ಅಳತಿ, ಸರ್ವರ್ ಬಂದಿಲ್ಲಂದ್ರ ನಾಳೆ ಬರ್ತೀನಿ ಬಿಡು’ ಎಂದು ಎದ್ದು ಹೋದ.

ಕುಬಸ ಮುಗಿಸಿ ನಾನು ಹತ್ತಿದ್ದು ಸಿಂಧನೂರಿನ ಬಸ್ಸಲ್ಲ, ಮುದಗಲ್ಲಿನದು. ನಾನು ಗೀಜಗಕ್ಕೆ ಮಾಡಿದ ಮುದಗಲ್ ಫೋನಿಗೆ ಭಾರ, ಹಳೆಯದೂ ಆಗಿತ್ತು. ಹೊಸದಾಗಿ ನೋಡಿ ಮಾಡಬೇಕಿತ್ತು. ನಿನ್ನ ಅಮ್ಮ ಮೆಹಬೂಬ್‌ಬೀ ಕೈ ಹಿಡಿದು ಮನೆಯೆಲ್ಲ ತೋರಿಸಿದರು. ‘ಹೇಳಬ್ಯಾಡ ಅಂದ್ರ ಹೇಳಂಗಿಲ್ಲ ಬೇಟಿ. ಆದ್ರ ಇಬ್ಬರೂ ಮುದುಕ್ಯಾರ ಆಗೂದ್ರಾಗ ಒಮ್ಮೆ ಮಾತಾಡ್ರಿ’ ಎಂದರು. ಅವರನ್ನು ಬೈಯಬೇಡ.

ಲಕೋಟೆಯಲ್ಲಿ ಪೆನ್‌ಡ್ರೈವ್ ಇದೆ. ಹಗುರಾಗಿಯೇ ಮಾಡಿದ್ದೇನೆ, ನಿನ್ನ ಬೆಳ್ಳಕ್ಕಿ ಹೊರುತ್ತದೆ. ನಿಮ್ಮ ಮನೆಯ ಮೇಲೆ ಈಗ ನೀಲಿ ಸುಣ್ಣದ ಕೋಣೆಯೊಂದು ಎದ್ದಿದೆಯಲ್ಲ, ಅದನ್ನೂ ಹಾಕಿದ್ದೇನೆ. ನೀನೇ ಮಾಡಿದ್ದರೆ ಜಂಬಣ್ಣನ ಅಂಗಡಿಯ ಹಾಗೆ ಎಂದು ಕಟ್ಟೆಯಲ್ಲಿ ಎಲ್ಲರೂ ನಗುತ್ತಿದ್ದರು. ನಾನು ಮಾಡಿದ್ದೇನೆ. ನಂಬುತ್ತಾರೆ.